ಜ್ವರ ಇಳಿಯಿತು, ನಾಲಿಗೆ ಬೆಳ್ಳಗಾಯಿತು

ಗಂಟಲು ನೋವಿಗೋ, ಹಲ್ಲು ಕೀಳಿಸಿದ್ದಕ್ಕೋ, ಮೂತ್ರದ ಸೋಂಕಿಗೋ ಐದು ದಿನದ ಆಂಟಿಬಯೋಟಿಕ್ ಶುರುವಾಗಿರುತ್ತದೆ. ಮೂರನೇ ದಿನಕ್ಕೆ ಜ್ವರ ಇಳಿದು, ನೋವು ಹಗುರಾಗಿ, ಸದ್ಯ ಪಾರಾದೆವು ಎನ್ನುವ ಹೊತ್ತಿಗೆ ಬಾಯಿಯಲ್ಲಿ ಇನ್ನೊಂದು ತಕರಾರು ಎದ್ದಿರುತ್ತದೆ. ಕಾಫಿಗೆ ಕಾಫಿಯ ರುಚಿಯಿಲ್ಲ. ತಿಳಿಸಾರು ಕೂಡ ನಾಲಿಗೆಗೆ ಉರಿ ಹಚ್ಚುತ್ತದೆ. ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿದರೆ ಬೆಳ್ಳಗೆ ಪೊರೆ ಕಟ್ಟಿದೆ. ಮನೆಯಲ್ಲಿ ಯಾರಾದರೊಬ್ಬರು ತೀರ್ಪು ಕೊಟ್ಟೇಬಿಡುತ್ತಾರೆ: 'ಮಾತ್ರೆ ಉಷ್ಣ, ಬಾಯಿ ಕೆಟ್ಟಿದೆ, ಎಳನೀರು ಕುಡಿ.' ಮೆಡಿಕಲ್ ಶಾಪಿನವರು ಬಿ ಕಾಂಪ್ಲೆಕ್ಸ್ ಮಾತ್ರೆ ಕತ್ತರಿಸಿ ಕೊಡುತ್ತಾರೆ. ಅಲ್ಲಿಗೆ ವಿಷಯ ಮುಗಿಯಿತು.

ಎಳನೀರಿಗೆ ನನ್ನ ಅಡ್ಡಿಯಿಲ್ಲ, ಜ್ವರದಲ್ಲಿ ಒಣಗಿದ ಬಾಯಿಗೆ ಅದು ಹಿತವೇ. ನನ್ನ ಆತಂಕವಿರುವುದು ಆ ತೀರ್ಪಿನ ಬಗ್ಗೆ. 'ಉಷ್ಣ' ಎಂದ ಕೂಡಲೇ ಬಾಯೊಳಗೆ ಇಣುಕಿ ನೋಡುವ ಕೆಲಸ ನಿಂತುಹೋಗುತ್ತದೆ. ಹೆಚ್ಚಿನವರಲ್ಲಿ ಆ ಬಿಳುಪು ವಾರದೊಳಗೆ ತಾನಾಗಿ ಹೋಗುವ ಪೊರೆ ಮಾತ್ರ. ಕೆಲವರಲ್ಲಿ ಅದು ಔಷಧ ಬೇಡುವ ಶಿಲೀಂಧ್ರದ ಸೋಂಕು. ಇನ್ನು ಕೆಲವರಲ್ಲಿ ಪತ್ತೆಯಾಗದೆ ಉಳಿದ ಸಕ್ಕರೆ ಕಾಯಿಲೆಯ ಮೊದಲ ಸುಳಿವು. ಅಡಿಕೆ, ತಂಬಾಕು ಜಗಿಯುವವರಲ್ಲಿ ಅದು ತೀರಾ ಬೇರೆಯದೇ ಕಥೆ ಹೇಳುತ್ತಿರಬಹುದು. ಇವನ್ನು ಬೇರ್ಪಡಿಸುವ ಮೊದಲ ಹೆಜ್ಜೆಗೆ ಯಂತ್ರ ಬೇಡ. ಒಂದು ಟಾರ್ಚು, ತೊಳೆದ ಬೆರಳಿಗೆ ಸುತ್ತಿಕೊಂಡ ಒದ್ದೆ ಗಾಜ್ ಬಟ್ಟೆ, ಐದು ನಿಮಿಷದ ವ್ಯವಧಾನ ಇದ್ದರೆ ಸಾಕು.

ಮೊದಲು ಬರಿಯ ಪೊರೆಯ ವಿಚಾರ. ನಾಲಿಗೆಯ ಮೇಲೆ ದಾರದೆಳೆಯಂಥ ಸಾವಿರಾರು ಮೊನೆಗಳು ಒತ್ತಾಗಿ ನಿಂತಿವೆ. ಉಗುರು, ಕೂದಲಿನಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ಇವುಗಳ ತುದಿಯಲ್ಲೂ ಇದೆ. ರೊಟ್ಟಿ, ಚಪಾತಿ, ಕೋಸಂಬರಿ ಎಂದು ಅಗಿದು ತಿನ್ನುವಾಗ ಆ ತುದಿಗಳು ಸವೆದು ಉದುರುತ್ತಿರುತ್ತವೆ. ಜ್ವರ ಬಂದು ಗಂಜಿ, ಹಾಲು, ಬ್ರೆಡ್ಡಿನಲ್ಲೇ ದಿನ ದೂಡುವಾಗ, ಮೂಗು ಕಟ್ಟಿ ಬಾಯಿಂದ ಉಸಿರಾಡುವಾಗ, ನೀರು ಕುಡಿಯುವುದು ಕಡಿಮೆಯಾದಾಗ ಸವೆತ ನಿಲ್ಲುತ್ತದೆ. ಮೊನೆಗಳು ಉದ್ದವಾಗಿ, ಅವುಗಳ ಸಂದಿಯಲ್ಲಿ ಸತ್ತ ಜೀವಕೋಶ, ಆಹಾರದ ಚೂರು, ಬ್ಯಾಕ್ಟೀರಿಯಾ ಸಿಕ್ಕಿಕೊಳ್ಳುತ್ತವೆ. ಈ ಪೊರೆ ನಾಲಿಗೆಯ ಹಿಂಭಾಗದಲ್ಲಿ ದಟ್ಟ, ಅಂಚಿನಲ್ಲಿ ತೆಳು. ನೋವಿಲ್ಲ, ಉರಿಯಿಲ್ಲ. ಕೆನ್ನೆಯ ಒಳಬದಿ, ಅಂಗುಳ, ವಸಡು ಎಂದಿನಂತೆ ಗುಲಾಬಿ ಬಣ್ಣದಲ್ಲೇ ಇರುತ್ತವೆ. ಊಟ ಹಳಿಗೆ ಬಂದರೆ ಇದೂ ಹೋಗುತ್ತದೆ. ಆಂಟಿಬಯೋಟಿಕ್ ಬಳಿಕ ಕೆಲವರಿಗೆ ಇದೇ ಮೊನೆಗಳು ಕಪ್ಪಾಗಿ, ನಾಲಿಗೆಯ ಮೇಲೆ ಕೂದಲು ಬೆಳೆದಂತೆ ಕಾಣುವುದುಂಟು. ನೋಡಿದವರು ಹೌಹಾರುತ್ತಾರೆ, ಆದರೆ ಅದೂ ಸಾಮಾನ್ಯವಾಗಿ ನಿರುಪದ್ರವಿ.

ವೈದ್ಯರು ಓರಲ್ ಥ್ರಶ್ ಎನ್ನುವ ಶಿಲೀಂಧ್ರ ಸೋಂಕಿನ ಚಹರೆ ಬೇರೆ. ಅದು ನಾಲಿಗೆಗಷ್ಟೇ ಸೀಮಿತವಾಗುವುದಿಲ್ಲ. ಕೆನ್ನೆಯ ಒಳಬದಿ, ಅಂಗುಳ, ತುಟಿಯ ಒಳಭಾಗದಲ್ಲೂ ಒಡೆದ ಹಾಲಿನ ಕಣಗಳು ಅಂಟಿದಂತೆ ಬಿಳಿ ಮಚ್ಚೆಗಳು ಕೂರುತ್ತವೆ. ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಮಚ್ಚೆ ಬಟ್ಟೆಗೆ ಬರುತ್ತದೆ. ಅದಿದ್ದ ಜಾಗ ಹಸಿಗಾಯದಂತೆ ಕೆಂಪಗಿರುತ್ತದೆ, ಒಮ್ಮೊಮ್ಮೆ ಸೂಜಿಮೊನೆಯಷ್ಟು ರಕ್ತ ಒಸರುತ್ತದೆ. ತುಟಿಯ ಮೂಲೆಗಳು ಬಿರಿದು ಉರಿಯುವುದೂ ಇದರ ಜೊತೆಗೆ ಬರಬಹುದು.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದೂ ಇಲ್ಲೇ. ಆಂಟಿಬಯೋಟಿಕ್ ನಂತರದ ಶಿಲೀಂಧ್ರ ಸೋಂಕು ಬೆಳ್ಳಗೇ ಇರಬೇಕೆಂದಿಲ್ಲ. ಎಷ್ಟೋ ಸಲ ಬಿಳಿ ಮಚ್ಚೆ ಇರುವುದೇ ಇಲ್ಲ. ನಾಲಿಗೆಯ ನಡುಭಾಗ ಬೋಳಾಗಿ, ಕೆಂಪೇರಿ, ಮೆಣಸಿನಕಾಯಿ ತಾಗಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತದೆ. ಬೆಳ್ಳಗಿರುವ ನಾಲಿಗೆಯಲ್ಲಿ ಸೋಂಕಿಲ್ಲ, ಕೆಂಪಗಿರುವ ನಾಲಿಗೆಯಲ್ಲಿ ಸೋಂಕಿದೆ ಎಂಬ ಸ್ಥಿತಿ ಅಪರೂಪವೇನಲ್ಲ. ಬಿ12 ಜೀವಸತ್ವ ಕಡಿಮೆಯಾದವರಿಗೂ ಇಂಥದೇ ನುಣುಪಾದ ಕೆಂಪು ನಾಲಿಗೆ ಇರುವುದರಿಂದ, ಬಿ ಕಾಂಪ್ಲೆಕ್ಸ್ ನುಂಗಿ ಕಾಯುವ ಮುನ್ನ ಒಮ್ಮೆ ವೈದ್ಯರಿಗೋ ದಂತವೈದ್ಯರಿಗೋ ತೋರಿಸುವುದು ಮೇಲು. ಇನ್ನು ಹಲ್ಲು ಕಿತ್ತ ಮೇಲೆ, ಭೇದಿಯಾದಾಗ ನಮ್ಮಲ್ಲಿ ಧಾರಾಳವಾಗಿ ಬರೆಯುವ ಮೆಟ್ರೊನಿಡಝೋಲ್ ಬಾಯಿಗೆ ಲೋಹದ ರುಚಿ ತರುತ್ತದೆ, ನಾಲಿಗೆ ಒರಟಾದಂತೆ ಮಾಡುತ್ತದೆ. ಅದರ ಜೊತೆಗೆ ಶಿಲೀಂಧ್ರವೂ ದಿಢೀರ್ ಹೆಚ್ಚಬಹುದೆಂದು ಆ ಔಷಧದ ಮಾಹಿತಿ ಪತ್ರದಲ್ಲೇ ಎಚ್ಚರಿಕೆಯಿದೆ. ಮಡಚಿ ಡಬ್ಬಿಯೊಳಗೆ ತುರುಕಿರುವ ಆ ಕಾಗದವನ್ನು ಯಾರೂ ಬಿಡಿಸಿ ನೋಡುವುದಿಲ್ಲ.

ಮೂರನೆಯದು ಒರೆಸಿದರೂ ಹೋಗದ ಬಿಳುಪು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಗುಟ್ಕಾ, ಇವುಗಳಲ್ಲಿ ಯಾವುದಾದರೊಂದು ವರ್ಷಗಟ್ಟಲೆ ಕೂತ ಕೆನ್ನೆಯಲ್ಲಿ ಬಿಳಿಯ ಪಟ್ಟಿಯೊಂದು ಎದ್ದಿದ್ದರೆ, ಗಾಜ್ ಬಟ್ಟೆಗೆ ಅದು ಬಾರದಿದ್ದರೆ, ಅದಕ್ಕೂ ಮೊನ್ನೆ ನುಂಗಿದ ಆಂಟಿಬಯೋಟಿಕ್‌ಗೂ ಸಂಬಂಧವಿರಲಾರದು. ಅದು ಲ್ಯೂಕೋಪ್ಲೇಕಿಯಾ ಆಗಿರಬಹುದು. ಅಂಥ ಮಚ್ಚೆಗಳಲ್ಲಿ ಒಂದು ಪಾಲು ಮುಂದೆ ಕ್ಯಾನ್ಸರ್ ಆಗುತ್ತದೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ಸಂಪುಟದಲ್ಲಿ ದಾಖಲಿಸಿದೆ. ಅಡಿಕೆಯನ್ನೇ ನಂಬಿದ ಲಕ್ಷಾಂತರ ಕುಟುಂಬಗಳಿರುವ ನಾಡಿನಲ್ಲಿ ಇದನ್ನು ಬರೆಯುವುದು ಹಿತವಲ್ಲ, ಆದರೂ ಬರೆಯದೆ ಇರಲಾಗದು. ಖಾರ ತಿನ್ನಲಾಗದೆ, ಬಾಯಿ ಪೂರ್ತಿ ತೆರೆಯಲಾಗದೆ, ಕೆನ್ನೆ ಒಳಗೆ ಬಿಗಿಯಾಗಿ ಬೆಳ್ಳಗಾಗಿದ್ದರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಆಗಿರಬಹುದು. ಎರಡು ವಾರ ಕಳೆದರೂ ಹೋಗದ ಯಾವ ಬಿಳಿ ಮಚ್ಚೆಯನ್ನೂ ಬಾಯಿಗೆ ಹಚ್ಚುವ ಮದ್ದಿನಲ್ಲಿ ಮುಚ್ಚಿಡಬಾರದು. ದಂತ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋಗಿ ತೋರಿಸಬೇಕು.

ಜೊತೆಯಲ್ಲೇ ಇದ್ದವನು

ಥ್ರಶ್ ತರುವ ಶಿಲೀಂಧ್ರದ ಹೆಸರು ಕ್ಯಾಂಡಿಡಾ ಆಲ್ಬಿಕನ್ಸ್. ಹೊರಗಿಂದ ಬಂದು ಅಂಟಿದ್ದಲ್ಲ, ಆರೋಗ್ಯವಂತ ವಯಸ್ಕರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿಯ ಬಾಯಲ್ಲಿ ಇದು ಸದ್ದಿಲ್ಲದೆ ವಾಸವಾಗಿದೆ. ಒರೆಸಿದ ಮಚ್ಚೆಯನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಎರಡು ಆಕೃತಿಗಳು ಕಾಣುತ್ತವೆ. ಒಂದು, ಬ್ಯಾಕ್ಟೀರಿಯಾಕ್ಕಿಂತ ಹಲವು ಪಟ್ಟು ದೊಡ್ಡದಾದ ಗುಂಡು ಕಣ, ಅದರ ಬದಿಯಲ್ಲಿ ಮೊಳೆಯುತ್ತಿರುವ ಮರಿಗುಂಡು. ಇನ್ನೊಂದು, ಆ ಗುಂಡಿನಿಂದಲೇ ಹೊರಟು ಉದ್ದಕ್ಕೆ ಚಾಚಿದ ನೇರಳೆ ಬಣ್ಣದ ಎಳೆ. ಸುಮ್ಮನೆ ವಾಸವಿರುವಾಗ ಕ್ಯಾಂಡಿಡಾ ಗುಂಡು ರೂಪದಲ್ಲಿರುತ್ತದೆ. ಅವಕಾಶ ಸಿಕ್ಕಿದಾಗ ಎಳೆಯಾಗಿ ಬೆಳೆದು ಬಾಯಿಯ ಒಳಪದರಕ್ಕೆ ನುಗ್ಗುತ್ತದೆ. ನುಗ್ಗಿದ ಎಳೆ ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸ್ರವಿಸಿ ಜೀವಕೋಶಗಳಿಗೆ ತೂತು ಕೊರೆಯುತ್ತದೆ ಎಂಬುದು ಗೊತ್ತಾಗಿದ್ದು ತೀರಾ ಈಚೆಗೆ, 2016ರಲ್ಲಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ಅದನ್ನು ಪತ್ತೆಹಚ್ಚಿತು. ಸಾರು ಉರಿಯುವುದರ ಹಿಂದೆ ಇರುವುದು ಈ ಗಾಯ.

ಅವಕಾಶ ಸಿಗುವುದು ಹೇಗೆ? ನಮ್ಮ ಬಾಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದೆ. ಅವು ಒಳಪದರದ ಮೇಲೆ ಜಾಗ ಹಿಡಿದು ಕೂತಿರುತ್ತವೆ, ಸಕ್ಕರೆಯನ್ನು ತಿಂದು ಮುಗಿಸುತ್ತವೆ, ತಾವು ಬಿಡುಗಡೆ ಮಾಡುವ ಆಮ್ಲ ಮತ್ತಿತರ ರಾಸಾಯನಿಕಗಳಿಂದ ಶಿಲೀಂಧ್ರವನ್ನು ಹದ್ದಿನಲ್ಲಿಡುತ್ತವೆ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಗಂಟಲಿನ ರೋಗಾಣು ಯಾವುದು, ನಾಲಿಗೆಯ ಸಾಧು ಬ್ಯಾಕ್ಟೀರಿಯಾ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಶಿಲೀಂಧ್ರದ ಜೀವಕೋಶ ರಚನೆಯಲ್ಲಿ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಜೀವಕೋಶಕ್ಕೇ ಹತ್ತಿರ. ಹಾಗಾಗಿ ಅಮಾಕ್ಸಿಸಿಲಿನ್ ಆಗಲಿ, ಸೆಫಿಕ್ಸಿಮ್ ಆಗಲಿ, ಅಝಿತ್ರೊಮೈಸಿನ್ ಆಗಲಿ ಕ್ಯಾಂಡಿಡಾದ ಒಂದು ಕೂದಲನ್ನೂ ಕೊಂಕಿಸುವುದಿಲ್ಲ. ಪೈಪೋಟಿಗಿದ್ದವರು ಸತ್ತು ಜಾಗವೂ ಆಹಾರವೂ ತೆರವಾದಾಗ ಉಳಿದದ್ದು ಹಬ್ಬುತ್ತದೆ. ಔಷಧ ಎಷ್ಟು ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವಂಥದ್ದೋ, ಎಷ್ಟು ಹೆಚ್ಚು ದಿನ ನುಂಗುತ್ತೇವೋ ಅಷ್ಟೂ ಹಬ್ಬುವ ಸಂಭವ ಹೆಚ್ಚು.

ಆದರೂ ಆಂಟಿಬಯೋಟಿಕ್ ನುಂಗಿದವರಿಗೆಲ್ಲ ಥ್ರಶ್ ಬರುವುದಿಲ್ಲ. ಬ್ಯಾಕ್ಟೀರಿಯಾ ಹೊರತಾಗಿಯೂ ಬಾಯಿಗೆ ಕಾವಲಿದೆ. ಜೊಲ್ಲಿನಲ್ಲಿರುವ ಹಿಸ್ಟಾಟಿನ್, ಲೈಸೋಝೈಮ್, ಲ್ಯಾಕ್ಟೊಫೆರಿನ್‌ಗಳು ಶಿಲೀಂಧ್ರವನ್ನು ತಡೆಯುತ್ತವೆ, ರಕ್ತದ ಬಿಳಿ ಕಣಗಳ ಒಂದು ವಿಶೇಷ ಪಡೆ ಒಳಪದರವನ್ನು ಕಾಯುತ್ತದೆ. ಬ್ಯಾಕ್ಟೀರಿಯಾಗಳೂ ಬೇಗ ಮರಳುತ್ತವೆ. ಬ್ರಿಟನ್ ಮತ್ತು ಸ್ವೀಡನ್‌ನ ಆರೋಗ್ಯವಂತರಿಗೆ ಒಂದೇ ಕೋರ್ಸ್ ಆಂಟಿಬಯೋಟಿಕ್ ಕೊಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೊಲ್ಲಿನ ಬ್ಯಾಕ್ಟೀರಿಯಾ ಸಮುದಾಯ ವಾರಗಳಲ್ಲೇ ಚೇತರಿಸಿಕೊಂಡಿತ್ತು. ಕರುಳಿನದ್ದಕ್ಕೆ ತಿಂಗಳುಗಳೇ ಬೇಕಾದವು. ಎಂದ ಮೇಲೆ ಒಂದು ಸಾಧಾರಣ ಕೋರ್ಸಿಗೆ ಬಾಯಿ ಸೋತಿತೆಂದರೆ, ಕಾವಲಿನಲ್ಲಿ ಮೊದಲೇ ಎಲ್ಲೋ ಬಿರುಕಿತ್ತೇ ಎಂದು ಕೇಳಿಕೊಳ್ಳಬೇಕು. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಡಬ್ಬಿಯಲ್ಲಿ ಬಂದ ಮಣ್ಣು

ರೋಗಿಯ ಬಾಯಿಯ ಬಿಳುಪನ್ನು ಹಿಪೊಕ್ರೆಟಿಸನ ಕಾಲದ ಗ್ರೀಕರೇ ಗುರುತಿಸಿದ್ದರು. ಅದರಲ್ಲಿ ಶಿಲೀಂಧ್ರವಿದೆ ಎಂದು 1839ರಲ್ಲಿ ತೋರಿಸಿದ್ದು ಜರ್ಮನಿಯ ಲಾಂಗೆನ್‌ಬೆಕ್. ವಿಷಮಜ್ವರದ ರೋಗಿಯಲ್ಲಿ ಅದನ್ನು ಕಂಡ ಅವರು ಜ್ವರಕ್ಕೇ ಈ ಶಿಲೀಂಧ್ರ ಕಾರಣವೆಂದು ಎಣಿಸಿದರು. ನಿಜದಲ್ಲಿ ಜ್ವರ ಮೈಯನ್ನು ಕುಗ್ಗಿಸಿತ್ತು, ಶಿಲೀಂಧ್ರ ಹಿಂದೆಯೇ ಬಂದಿತ್ತು. ಆಗ ಥ್ರಶ್ ಹಸುಗೂಸುಗಳ, ಮುದುಕರ, ಸೊರಗಿದವರ ಕಾಯಿಲೆ. ಗಟ್ಟಿಮುಟ್ಟಾದ ಮಧ್ಯವಯಸ್ಕರಿಗೂ ಅದು ಬರತೊಡಗಿದ್ದು 1940ರ ದಶಕದಲ್ಲಿ, ಪೆನಿಸಿಲಿನ್ ಮತ್ತು ಅದರ ಬೆನ್ನಿಗೆ ಬಂದ ಔಷಧಗಳು ಆಸ್ಪತ್ರೆ ತುಂಬಿಕೊಂಡ ಮೇಲೆ. ಬ್ಯಾಕ್ಟೀರಿಯಾಕ್ಕೆ ಮದ್ದು ಸಿಕ್ಕಿತ್ತು, ಶಿಲೀಂಧ್ರಕ್ಕೆ ಸುರಕ್ಷಿತವಾದ ಮದ್ದೇ ಇರಲಿಲ್ಲ.

ಆ ಮದ್ದನ್ನು ಹುಡುಕಿದವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ಮಹಿಳೆಯರು. ಸೂಕ್ಷ್ಮಜೀವಿ ತಜ್ಞೆ ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿ, ರಸಾಯನಶಾಸ್ತ್ರಜ್ಞೆ ರೇಚಲ್ ಬ್ರೌನ್ 200 ಕಿಲೊಮೀಟರಿಗೂ ಹೆಚ್ಚು ದೂರದ ಆಲ್ಬನಿಯಲ್ಲಿ. ಅವರ ಸಂಶೋಧನೆ ನಡೆದದ್ದು ಅಂಚೆಯ ಮೂಲಕ. ಊರೂರಿನ ಮಣ್ಣಿನಿಂದ ಹೇಜನ್ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಶಿಲೀಂಧ್ರವನ್ನು ಕೊಲ್ಲುವ ಶಕ್ತಿಯುಳ್ಳವನ್ನು ಆರಿಸಿ, ಗಾಜಿನ ಜಾಡಿಯಲ್ಲಿ ತುಂಬಿ ಆಲ್ಬನಿಗೆ ಪಾರ್ಸೆಲ್ ಮಾಡುತ್ತಿದ್ದರು. ಬ್ರೌನ್ ಅದರ ಸಾರವನ್ನು ಬೇರ್ಪಡಿಸಿ ಅಂಚೆಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದರು. ಹೇಜನ್ ಅದನ್ನು ಮತ್ತೆ ಶಿಲೀಂಧ್ರದ ಮೇಲೂ ಇಲಿಗಳ ಮೇಲೂ ಪರೀಕ್ಷಿಸುತ್ತಿದ್ದರು. ಶಿಲೀಂಧ್ರವನ್ನು ಕೊಂದದ್ದು ಇಲಿಯನ್ನೂ ಕೊಲ್ಲುತ್ತಿತ್ತು, ಸಾಲು ಸಾಲು ಮಾದರಿಗಳು ಹೀಗೆ ಕಸದ ಬುಟ್ಟಿ ಸೇರಿದವು. ಕೊನೆಗೆ ವರ್ಜೀನಿಯಾದ ವಾರೆಂಟನ್ ಬಳಿಯ, ಹೇಜನ್‌ರ ಪರಿಚಿತರಾದ ನೋರ್ಸ್ ಎಂಬವರ ತೋಟದ ಮಣ್ಣಿನಲ್ಲಿ ಬೇಕಾದದ್ದು ಸಿಕ್ಕಿತು. 1950ರಲ್ಲಿ ಅವರು ಅದನ್ನು ಪ್ರಕಟಿಸಿದರು, ನ್ಯೂಯಾರ್ಕ್ ರಾಜ್ಯದ ಹೆಸರಿನಿಂದ ಅದಕ್ಕೆ ನಿಸ್ಟಾಟಿನ್ ಎಂದು ಹೆಸರಿಟ್ಟರು. 1954ರಲ್ಲಿ ಅದು ಮಾರುಕಟ್ಟೆಗೆ ಬಂತು. ರಾಯಧನವಾಗಿ ಬಂದ 1.3 ಕೋಟಿ ಡಾಲರಿಗೂ ಹೆಚ್ಚಿನ ಹಣದಲ್ಲಿ ಒಂದು ಪೈಸೆಯನ್ನೂ ಇವರು ತಮಗೆಂದು ಇಟ್ಟುಕೊಳ್ಳಲಿಲ್ಲ, ಎಲ್ಲವೂ ವಿಜ್ಞಾನ ಸಂಶೋಧನೆಗೇ ಹೋಯಿತು. 1966ರ ನವೆಂಬರಿನಲ್ಲಿ ಫ್ಲಾರೆನ್ಸ್ ನಗರ ಪ್ರವಾಹದಲ್ಲಿ ಮುಳುಗಿ ಶತಮಾನಗಳ ಚಿತ್ರಗಳಿಗೆ ಬೂಷ್ಟು ಹಿಡಿದಾಗ ಅವನ್ನು ಉಳಿಸಲು ಬಳಸಿದ್ದೂ ಇದೇ ಔಷಧವನ್ನು.

ಇದಕ್ಕೊಂದು ನಮ್ಮ ಕಡೆಯ ಎಳೆಯೂ ಇದೆ, ಅದನ್ನು ನಾವು ಮರೆತಿದ್ದೇವೆ ಎಂಬುದು ನನಗೆ ನೋವಿನ ಸಂಗತಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು ಮೈಸೂರು ಸೀಮೆಯ ಗಿಡಮರಗಳ ತುಕ್ಕುರೋಗದ ಶಿಲೀಂಧ್ರಗಳನ್ನು ಅಧ್ಯಯನ ಮಾಡಿದ ಎಂ.ಜೆ. ತಿರುಮಲಾಚಾರ್, ಮುಂದೆ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಸ್ವತಂತ್ರ ಭಾರತ ಪೆನಿಸಿಲಿನ್ ತಯಾರಿಸಲೆಂದು 1954ರಲ್ಲಿ ಕಟ್ಟಿದ ಸರ್ಕಾರಿ ಕಾರ್ಖಾನೆ ಅದು. ಅಲ್ಲಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ತಿರುಮಲಾಚಾರ್ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಹೊರತೆಗೆದರು. ಪಿಂಪ್ರಿಯ ಹೆಸರು ಆ ಜೀವಿಗೇ ಅಂಟಿಕೊಂಡಿತು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಹ್ಯಾಮೈಸಿನ್ ಕ್ಯಾಂಡಿಡಾ ಸೋಂಕಿಗೆ ಬಳಕೆಗೆ ಬಂತು. ತಿರುಮಲಾಚಾರ್‌ಗೆ 1967ರಲ್ಲಿ ಭಟ್ನಾಗರ್ ಪ್ರಶಸ್ತಿ ಸಂದಿತು. ಆಂಟಿಬಯೋಟಿಕ್ ತಯಾರಿಸುವ ಕಾರ್ಖಾನೆಯೇ ಅದರ ಬೆನ್ನಿಗೆ ಬರುವ ತೊಂದರೆಗೂ ಮದ್ದು ಹುಡುಕಿದ ಈ ಸಂಗತಿ ನಮ್ಮ ಶಾಲೆಯ ಪಠ್ಯದಲ್ಲಿರಬೇಕಿತ್ತು.

ನಿಸ್ಟಾಟಿನ್, ಹ್ಯಾಮೈಸಿನ್ ಎರಡೂ ಒಂದೇ ಕುಲದವು. ಶಿಲೀಂಧ್ರದ ಜೀವಕೋಶದ ಹೊದಿಕೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಶವಿದೆ, ನಮ್ಮದರಲ್ಲಿ ಆ ಜಾಗದಲ್ಲಿ ಕೊಲೆಸ್ಟೆರಾಲ್ ಇದೆ. ಔಷಧ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಹೊದಿಕೆಯನ್ನು ಕೆಡಿಸುತ್ತದೆ, ಶಿಲೀಂಧ್ರದ ಒಳಗಿನದ್ದೆಲ್ಲ ಸೋರಿಹೋಗುತ್ತದೆ.

ಮದ್ದು ಹಚ್ಚುವ ಕ್ರಮ

ಲಘುವಾದ ಥ್ರಶ್‌ಗೆ ಬಾಯಲ್ಲೇ ಕೆಲಸ ಮಾಡುವ ಮದ್ದು ಸಾಕು: ನಿಸ್ಟಾಟಿನ್ ದ್ರವ, ಕ್ಲೋಟ್ರಿಮಝೋಲ್ ಮೌತ್ ಪೇಂಟ್, ಮೈಕೊನಝೋಲ್ ಜೆಲ್. ಇವು ಫಲಿಸದಿರುವುದಕ್ಕೆ ಬಹುಪಾಲು ಕಾರಣ ಹಾಕುವ ರೀತಿ. ಬಾಯಿಗೆ ಸುರಿದುಕೊಂಡು ಗುಟುಕ್ಕನೆ ನುಂಗಿದರೆ ನಿಸ್ಟಾಟಿನ್ ಹೊಟ್ಟೆಗೆ ಹೋಗುತ್ತದೆ, ಕರುಳು ಅದನ್ನು ಹೀರುವುದೇ ಇಲ್ಲ, ನಾಲಿಗೆಗೆ ಏನೂ ಸಿಗುವುದಿಲ್ಲ. ಊಟವಾದ ಮೇಲೆ ಬಾಯಿ ಮುಕ್ಕಳಿಸಿ, ಮದ್ದನ್ನು ಕೆನ್ನೆ, ನಾಲಿಗೆಯಡಿ, ಅಂಗುಳ ಎಲ್ಲ ಕಡೆ ಓಡಾಡಿಸಿ ಆದಷ್ಟು ಹೊತ್ತು ಇಟ್ಟುಕೊಳ್ಳಬೇಕು. ಆಮೇಲೆ ಅರ್ಧ ಗಂಟೆಯಾದರೂ ನೀರು, ಕಾಫಿ ಏನೂ ಬೇಡ. ದಿನಕ್ಕೆ ನಾಲ್ಕು ಸಲ, ಸಾಮಾನ್ಯವಾಗಿ 7ರಿಂದ 14 ದಿನ, ಮಚ್ಚೆ ಕಾಣದಾದ ಮೇಲೂ ಎರಡು ದಿನ ಮುಂದುವರಿಸಬೇಕು. ಎರಡನೇ ದಿನಕ್ಕೇ ಉರಿ ಕಡಿಮೆಯಾಯಿತೆಂದು ಬಾಟಲಿ ಎತ್ತಿಟ್ಟವರಿಗೆ ಅದು ಮತ್ತೆ ಬರಬಹುದು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಳಸುತ್ತಿದ್ದರೆ ನಿಸ್ಟಾಟಿನ್ ಜೊತೆಜೊತೆಗೆ ಬೇಡ, ಒಂದು ಇನ್ನೊಂದರ ಶಕ್ತಿ ಕುಂದಿಸುತ್ತದೆ. ಹಲ್ಲಿನ ಸೆಟ್ಟು ಹಾಕಿಕೊಳ್ಳುವವರು ರಾತ್ರಿ ಅದನ್ನು ತೆಗೆದು, ಉಜ್ಜಿ, ನೆನೆಯಿಡಬೇಕು. ಕ್ಯಾಂಡಿಡಾ ಸೆಟ್ಟಿನ ಅಕ್ರಿಲಿಕ್‌ಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಬಾಯಿಗೆ ಮಾತ್ರ ಮದ್ದು ಹಾಕಿ ಸೆಟ್ಟನ್ನು ಬಿಟ್ಟರೆ ಸೋಂಕು ಅಲ್ಲಿಂದಲೇ ಮರಳುತ್ತದೆ.

ಸೋಂಕು ಜೋರಾಗಿದ್ದರೆ ವೈದ್ಯರು ಫ್ಲುಕೊನಝೋಲ್ ಮಾತ್ರೆ ಬರೆಯುತ್ತಾರೆ. ಇದನ್ನು ಅಂಗಡಿಯಲ್ಲಿ ಕೇಳಿ ತೆಗೆದುಕೊಂಡು ನುಂಗುವುದು ನಮ್ಮಲ್ಲಿ ತೀರಾ ಸಲೀಸಾಗಿದೆ, ಅದು ನನಗೆ ಭಯ ಹುಟ್ಟಿಸುತ್ತದೆ. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ನುಂಗುತ್ತಿರುವವರಲ್ಲಿ ಫ್ಲುಕೊನಝೋಲ್ ಆ ಮಾತ್ರೆಯ ಪ್ರಭಾವವನ್ನು ಏರಿಸಿ ರಕ್ತಸ್ರಾವ ತರಬಹುದು. ಬಾಯಿಗೆ ಹಚ್ಚುವ ಮೈಕೊನಝೋಲ್ ಜೆಲ್ ಕೂಡ ಇದೇ ಅಪಾಯ ಒಡ್ಡುತ್ತದೆ, ಬರೀ ಜೆಲ್ ತಾನೇ ಎನ್ನುವಂತಿಲ್ಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಮಾತ್ರೆ ನುಂಗುವವರಲ್ಲಿ ಫ್ಲುಕೊನಝೋಲ್‌ನಿಂದ ಸಕ್ಕರೆ ಅಂಶ ತೀರಾ ಕೆಳಗಿಳಿಯಬಹುದು. ದಿನವೂ ನುಂಗುವ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಟ್ಟೇ ಈ ಮದ್ದು ಬರೆಸಿಕೊಳ್ಳಬೇಕು.

ಮನೆಮದ್ದಿನ ಮಾತು ಬಂದೇ ಬರುತ್ತದೆ. ಮೊಸರನ್ನ ತಂಪು, ಉರಿಯುವ ಬಾಯಿಗೆ ಅದಕ್ಕಿಂತ ಹಿತವಾದ ಊಟವಿಲ್ಲ, ತಿನ್ನಿ. ಆದರೆ ಮೊಸರಿನ ಬ್ಯಾಕ್ಟೀರಿಯಾ ಬಾಯಲ್ಲಿ ನೆಲೆ ನಿಂತು ಕ್ಯಾಂಡಿಡಾವನ್ನು ಓಡಿಸುತ್ತದೆ ಎಂದು ನಂಬಿ ಮದ್ದು ಬಿಡಬೇಡಿ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು ಒಳ್ಳೆಯದು. ಕೆಡುಕಾಗುವುದು ಹೆರೆಯುವುದರಿಂದ. ಸ್ಟೀಲಿನ ಟಂಗ್ ಕ್ಲೀನರ್ ಇರಲಿ, ಕರಾವಳಿ ಮಲೆನಾಡಿನಲ್ಲಿ ಸೀಳಿ ಬಳಸುವ ಹಸಿ ತೆಂಗಿನಗರಿಯ ಕಡ್ಡಿ ಇರಲಿ, ಬರಿಯ ಪೊರೆಯನ್ನು ಹಗುರವಾಗಿ ತೆಗೆಯಲು ಸರಿ. ಥ್ರಶ್ ಇರುವ ನಾಲಿಗೆಯನ್ನು ಬೆಳ್ಳಗಿನದು ಪೂರ್ತಿ ಹೋಗಲೆಂದು ದಿನಕ್ಕೆರಡು ಸಲ ಗಟ್ಟಿಯಾಗಿ ಹೆರೆದರೆ ಒಳಪದರವೇ ಕಿತ್ತು ಬರುತ್ತದೆ, ಶಿಲೀಂಧ್ರಕ್ಕೆ ಇನ್ನಷ್ಟು ಗಾಯ ತೆರೆದಿಟ್ಟಂತಾಗುತ್ತದೆ. ಹಾಗೆಯೇ ಥ್ರಶ್ ಬಂತೆಂದು ಆಂಟಿಬಯೋಟಿಕ್ ಅನ್ನು ಅರ್ಧಕ್ಕೆ ಬಿಡುವ ನಿರ್ಧಾರ ನಿಮ್ಮದಾಗಬಾರದು, ಬರೆದ ವೈದ್ಯರಿಗೆ ಫೋನು ಮಾಡಿ ಕೇಳಿ.

ಹಸುಗೂಸಿನ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಹಾಲು ಕುಡಿದ ನಾಲಿಗೆ ಬೆಳ್ಳಗಿರುವುದು ಸಹಜ, ಒರೆಸಿದರೆ ಹೋಗುತ್ತದೆ, ಅಡಿಯಲ್ಲಿ ಕೆಂಪು ಇರುವುದಿಲ್ಲ. ಥ್ರಶ್ ಆಗಿದ್ದರೆ ಕೆನ್ನೆಯ ಒಳಗೂ ಮಚ್ಚೆಗಳಿರುತ್ತವೆ, ಮಗು ಮೊಲೆ ಹಿಡಿದು ಬಿಟ್ಟು ಅಳುತ್ತದೆ, ತಾಯಿಗೆ ಮೊಲೆತೊಟ್ಟಿನಲ್ಲಿ ಉರಿ, ಸೀಳು ಬರಬಹುದು. ಇಬ್ಬರಿಗೂ ಒಟ್ಟಿಗೇ ಮದ್ದಾಗಬೇಕು, ಇಲ್ಲವಾದರೆ ಸೋಂಕು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಜೇನುತುಪ್ಪ ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರಬಲ್ಲದು. ಬೊರಾಕ್ಸ್ ಬೆರೆತ ಗ್ಲಿಸರಿನ್ ಕೂಡ ಕೂಸಿಗೆ ವಿಷವೇ. ನಾಲ್ಕು ತಿಂಗಳು ತುಂಬದ ಕೂಸಿಗೆ ಅಂಟಾದ ಮೈಕೊನಝೋಲ್ ಜೆಲ್ ಹಾಕಿದರೆ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟುವ ಅಪಾಯವಿದೆ.

ಈಗ ಆ ಕಾವಲಿನ ಬಿರುಕಿನ ಮಾತು. ಅತಿ ಸಾಮಾನ್ಯವಾದದ್ದು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ಜೊಲ್ಲಿನಲ್ಲೂ ಏರುತ್ತದೆ, ಬಾಯಿ ಒಣಗುತ್ತದೆ, ಬಿಳಿ ರಕ್ತಕಣಗಳ ಚುರುಕು ಕುಗ್ಗುತ್ತದೆ. ನಲವತ್ತು ದಾಟಿದವರಿಗೆ ಆಂಟಿಬಯೋಟಿಕ್ ಬಳಿಕ ಥ್ರಶ್ ಬಂದರೆ ಒಂದು ಸಕ್ಕರೆ ಪರೀಕ್ಷೆ ಮಾಡಿಸುವುದು ಖರ್ಚಿನ ಮಾತಲ್ಲ. ಅಸ್ತಮಾಕ್ಕೆ ಸ್ಟಿರಾಯ್ಡ್ ಇನ್ಹೇಲರ್ ಎಳೆಯುವವರು ಎಳೆದ ಮೇಲೆ ನೀರಿನಿಂದ ಬಾಯಿ ಗಂಟಲು ಮುಕ್ಕಳಿಸಿ ಉಗಿಯದಿದ್ದರೆ ಔಷಧದ ಪಾಲು ಅಂಗುಳದ ಮೇಲೇ ಕೂತು ಅಲ್ಲಿನ ರೋಗನಿರೋಧಕ ಶಕ್ತಿಯನ್ನು ಇಳಿಸುತ್ತದೆ. ಸ್ಪೇಸರ್ ಬಳಸಿದರೆ ಇದು ಇನ್ನೂ ಕಡಿಮೆ. ಥ್ರಶ್‌ಗೆ ಹೆದರಿ ಇನ್ಹೇಲರನ್ನೇ ಬಿಡುವುದು ಮಾತ್ರ ಪ್ರಾಣಕ್ಕೆ ಎರವಾದೀತು.

2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆಯ ನಡುವೆ ಕಪ್ಪು ಶಿಲೀಂಧ್ರದ ಭೀತಿ ಹಬ್ಬಿತ್ತು. ಅದೇ ಹೊತ್ತಿಗೆ ಪಟ್ನಾದಿಂದ 'ವೈಟ್ ಫಂಗಸ್' ಎಂಬ ಸುದ್ದಿ ಬಂದು ಟಿ.ವಿ. ಪರದೆಗಳಲ್ಲಿ ಅದು ಕಪ್ಪಿಗಿಂತ ಭೀಕರವೆಂದು ಬಿತ್ತರವಾಯಿತು. ಆ ಹೆಸರಿನಲ್ಲಿ ಸುದ್ದಿಯಾದದ್ದು ಬಹುಮಟ್ಟಿಗೆ ಹಳೆಯ ಕ್ಯಾಂಡಿಡಾವೇ. ಸ್ಟಿರಾಯ್ಡ್, ಏರಿದ ಸಕ್ಕರೆ, ಲೆಕ್ಕವಿಲ್ಲದ ಆಂಟಿಬಯೋಟಿಕ್, ಈ ಮೂರೂ ಒಂದೇ ಹಾಸಿಗೆಯಲ್ಲಿ ಸೇರಿದರೆ ಬಾಯಿ ಬೆಳ್ಳಗಾಗದಿದ್ದರೆ ಆಶ್ಚರ್ಯ. ಹಾಗೆಂದು ಕ್ಯಾಂಡಿಡಾವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ತೀವ್ರ ನಿಗಾ ಘಟಕದಲ್ಲಿರುವವರ ರಕ್ತಕ್ಕೆ ಅದು ಸೇರಿದರೆ ಪ್ರಾಣಾಂತಿಕ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಅತ್ಯಂತ ಗಂಭೀರ ಗುಂಪಿನಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಇದೆ. ಮನೆಯಲ್ಲಿ ಓಡಾಡಿಕೊಂಡಿರುವವರ ಬಾಯಿಯ ಥ್ರಶ್ ಸಾಮಾನ್ಯವಾಗಿ ಆ ಹಾದಿ ಹಿಡಿಯುವುದಿಲ್ಲ.

ಏಡ್ಸ್ ಜಗತ್ತಿಗೆ ಮೊದಲು ಗೊತ್ತಾದದ್ದರಲ್ಲೂ ಈ ಬಿಳಿ ಬಾಯಿಯ ಪಾತ್ರವಿದೆ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆ ಲಾಸ್ ಏಂಜಲೀಸ್‌ನ ಐವರು ಯುವಕರ ಬಗ್ಗೆ ಪುಟ್ಟ ವರದಿಯೊಂದನ್ನು ಪ್ರಕಟಿಸಿತು. ಐವರಿಗೂ ಅಪರೂಪದ ನ್ಯುಮೋನಿಯಾ, ಐವರಿಗೂ ಕ್ಯಾಂಡಿಡಾ ಸೋಂಕು. ಆ ಕಾಯಿಲೆಗೆ ಆಗಿನ್ನೂ ಹೆಸರೇ ಇರಲಿಲ್ಲ. ಇಂದಿಗೂ ಆಂಟಿಬಯೋಟಿಕ್, ಸ್ಟಿರಾಯ್ಡ್, ಸಕ್ಕರೆ ಯಾವುದೂ ಇಲ್ಲದ ವಯಸ್ಕರಿಗೆ ಥ್ರಶ್ ಬಂದರೆ ಅಥವಾ ಪದೇ ಪದೇ ಮರುಕಳಿಸಿದರೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ನ್ಯಾಯ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಅದು ಉಚಿತ, ಗೋಪ್ಯ. ನುಂಗುವಾಗ ಎದೆಯ ನಡುವೆ ನೋವಾದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು, ಆಗ ಮೌತ್ ಪೇಂಟ್ ಸಾಲದು, ಅಂದೇ ವೈದ್ಯರನ್ನು ಕಾಣಬೇಕು.

ಇದೇ ಶಿಲೀಂಧ್ರ ಆಂಟಿಬಯೋಟಿಕ್ ಬಳಿಕ ಹೆಣ್ಣುಮಕ್ಕಳಿಗೆ ಜನನಾಂಗದಲ್ಲಿ ತುರಿಕೆ, ಉರಿ, ಮೊಸರಿನಂಥ ಸ್ರಾವ ತರುತ್ತದೆ. ಬಾಯಿಯದಕ್ಕಿಂತ ಇದು ಎಷ್ಟೋ ಸಾಮಾನ್ಯ. ನಾಲಿಗೆಯನ್ನಾದರೆ ಯಾರಿಗೂ ತೋರಿಸಬಹುದು, ಇದನ್ನು ಹೇಳಿಕೊಳ್ಳಲಾಗದೆ ವಾರಗಟ್ಟಲೆ ಸಹಿಸುತ್ತಾರೆ, ಕೊಳಕಿನಿಂದ ಬಂತೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಇದು ಕೊಳಕಿನಿಂದಲೂ ನಡತೆಯಿಂದಲೂ ಬರುವುದಲ್ಲ, ಮಾತ್ರೆಯಿಂದ ಬಂದದ್ದು, ಸುಲಭವಾಗಿ ವಾಸಿಯಾಗುವಂಥದ್ದು. ಈ ಮಾತನ್ನು ಮನೆಯ ಗಂಡಸರೂ ತಿಳಿದಿರಬೇಕು.

ಇಷ್ಟೆಲ್ಲ ಆದ ಮೇಲೆ ಕೇಳಲೇಬೇಕಾದ ಪ್ರಶ್ನೆ, ಆ ಆಂಟಿಬಯೋಟಿಕ್ ಬೇಕಿತ್ತೇ ಎಂಬುದು. ನೆಗಡಿ, ಫ್ಲೂ, ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬರುವಂಥವು, ಅವುಗಳ ಮೇಲೆ ಅಝಿತ್ರೊಮೈಸಿನ್‌ಗೆ ಏನೂ ಬಲವಿಲ್ಲ. ಹಲವು ಪ್ರಬಲ ಆಂಟಿಬಯೋಟಿಕ್‌ಗಳನ್ನು ಎಚ್1 ಅನುಸೂಚಿಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮಾತ್ರೆಯ ಪಟ್ಟಿಯ ಹಿಂದಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಪ್ರಚಾರವನ್ನೂ ನಡೆಸಿತು. ಆದರೂ ಕಳೆದ ಸಲ ಉಳಿದ ನಾಲ್ಕು ಮಾತ್ರೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಈ ಸಲದ ಕೆಮ್ಮಿಗೆ ನುಂಗುವ ಮನೆಗಳು ನಮ್ಮ ಸುತ್ತ ಎಷ್ಟಿವೆ!

ಹಿಂದೊಮ್ಮೆ ಥ್ರಶ್ ಬಂದಿದ್ದರೆ ಮುಂದಿನ ಸಲ ಆಂಟಿಬಯೋಟಿಕ್ ಬರೆಯುವಾಗಲೇ ವೈದ್ಯರಿಗೆ ಅದನ್ನು ಹೇಳಿ, ಯಾವ ಔಷಧದ ಬಳಿಕ ಬಂದಿತ್ತೆಂಬುದನ್ನೂ ಹೇಳಿ. ಕಡಿಮೆ ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧವನ್ನೋ, ಕಡಿಮೆ ದಿನದ ಕೋರ್ಸನ್ನೋ ಆರಿಸಲು ಅವರಿಗೆ ಸಾಧ್ಯವಾಗಬಹುದು. ಕೆಲವೊಮ್ಮೆ ಎರಡು ದಿನ ಕಾದು ನೋಡೋಣ ಎಂದಾರು. ಹಾಗೆಂದ ವೈದ್ಯರನ್ನು ಬಿಟ್ಟು, ಕೇಳಿದ್ದನ್ನು ಕೊಡುವ ಇನ್ನೊಬ್ಬರ ಕ್ಲಿನಿಕ್ಕಿಗೆ ಹೋಗಬೇಡಿ.